ಬಾಣಂತಿ ಕೋಣೆಯ ಬಲ್ಬು

ಮಗುವಿನ ಮೊದಲ ಫೋಟೋ ಮುತ್ತಣ್ಣನ ಫೋನಿಗೆ ಬಂದದ್ದು ಹಾಲೇಶನಿಂದ. ಹೆತ್ತ ಹೆಂಡತಿಯಿಂದಲ್ಲ, ಅತ್ತೆಯಿಂದಲೂ ಅಲ್ಲ, ಹೆಂಡತಿಯ ಸೋದರಮಾವನಿಂದ. ಆ ಹೊತ್ತಿನಲ್ಲಿ ಮುತ್ತಣ್ಣ ಬನಹಟ್ಟಿಯಲ್ಲಿ ತನ್ನ ಪಾವರ್‌ಲೂಮುಗಳ ನಡುವೆ ನಿಂತಿದ್ದ. ಆ ಸದ್ದಿನಲ್ಲಿ ಫೋನು ಎಷ್ಟು ಸಲ ಬಡಿದುಕೊಂಡಿತೋ ಅವನಿಗೆ ಕೇಳಿಸಿರಲಿಲ್ಲ. ಊಟಕ್ಕೆಂದು ಮಗ್ಗ ನಿಲ್ಲಿಸಿ ನೋಡಿದರೆ ಫೋಟೋ ಬಂದು ಕೂತಿತ್ತು. ಹಾಲೇಶನ ನಗುವ ಬೆಳ್ಳನೆಯ ಮುಖ, ಅದರ ಪಕ್ಕಕ್ಕೆ ಬಿಳಿ ಬಟ್ಟೆಯಲ್ಲಿ ಸುತ್ತಿದ ಒಂದು ಕೆಂಪು ಮುಖ. ಗಂಡು ಕೂಸು, ತಾಯಿ ಮಗು ಇಬ್ಬರೂ ಆರಾಮ ಎಂದು ಕೆಳಗೆ ಬರೆದಿದ್ದ. ಮುತ್ತಣ್ಣ ಫೋಟೋವನ್ನು ದೊಡ್ಡದು ಮಾಡಿ ಹಾಲೇಶನನ್ನು ಪರದೆಯ ಆಚೆ ತಳ್ಳಿ ಮಗುವೊಂದನ್ನೇ ಉಳಿಸಿಕೊಂಡು ನೋಡಿದ. ಬೆರಳು ತೆಗೆದ ಕೂಡಲೇ ಹಾಲೇಶ ತಿರುಗಿ ಬಂದ.

ಈಗ ಜಮಖಂಡಿಯಲ್ಲಿ ಬಸ್ಸು ಬದಲಿಸಿ ಬೀಳಗಿಯ ಕಡೆಗೆ ಹೊರಟವನು ಕಿಟಕಿಯ ಪಕ್ಕ ಕೂತು ಮತ್ತೆ ಅದನ್ನೇ ತೆಗೆದು ನೋಡುತ್ತಿದ್ದ. ಇವತ್ತು ಐದನೆಯ ದಿನ, ಸೆಟವಿ ಪೂಜೆ. ಸೆಟವಿ ತಾಯಿ ಬಂದು ಕೂಸಿನ ಹಣೆಯ ಮೇಲೆ ಬರೆದು ಹೋಗುವ ದಿನ. ತೊಡೆಯ ಮೇಲಿನ ಚೀಲದಲ್ಲಿ ಹೆಂಡತಿ ಪೂರ್ಣಿಮಾಳಿಗೆಂದು ತಾನೇ ನೆಯ್ದು ತಂದ ಸೀರೆ ಇತ್ತು. ಪಕ್ಕದಲ್ಲಿ ಕೂತ ಮುದುಕ ಕತ್ತು ಚಾಚಿ ಫೋನಿನಲ್ಲಿ ಇಣುಕಿ, "ಚೊಚ್ಚಲ ಕೂಸೇನ್ರಿ? ಅಪ್ಪಗ ಭಾಳ ಖುಷಿ ಆಗಿದ್ದಂಗ ಕಾಣತೈತಿ ನೋಡ್ರಿ ಮಾರಿ ಮ್ಯಾಲ" ಎಂದ. ಅಪ್ಪ ನಾನು, ಅವನು ಬೇರೆ ಎಂದು ಹೇಳಲು ಎಷ್ಟು ಹೊತ್ತು ಬೇಕು? ಮುತ್ತಣ್ಣ "ಹೂಂರಿ" ಎಂದು ಫೋನು ಕಿಸೆಗೆ ಹಾಕಿಕೊಂಡ. ಆಮೇಲೆ ಕಬ್ಬಿನ ಹೊಲಗಳನ್ನು ನೋಡುತ್ತ, ಹೂಂ ಅಂದದ್ದು ಯಾಕೆ ಎಂದು ತನ್ನ ಮೇಲೆ ತಾನೇ ಸಿಟ್ಟು ಮಾಡಿಕೊಂಡ. ಹುಟ್ಟಿದ ದಿನವೇ ಓಡಿ ಹೋಗಬಹುದಿತ್ತು. ಮಗ್ಗದ ಮೇಲಿನ ಸೀರೆ ಇಳಿಸಿ ಹೋದರಾಯಿತು ಎಂದು ಕೂತ. ನಿಜ ಹೇಳಬೇಕೆಂದರೆ ಆ ಫೋಟೋ ನೋಡಿದ ಮೇಲೆ ಹೋಗುವ ಕಾಲೇ ಬಂದಿರಲಿಲ್ಲ. ಮೊದಲು ನೋಡುವವನಾಗಲಿಲ್ಲ, ಎರಡನೆಯವನಾಗಿ ಹೋಗಿ ನಿಲ್ಲುವುದಕ್ಕೆ ಅವಸರ ಯಾತರದು ಎಂದು ಒಳಗೊಳಗೇ ಮುನಿಸಿಕೊಂಡು, ತಾಯಿ ಮಗು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ, ಮೊನ್ನೆ ಹೋಗಿದ್ದ.

ಅತ್ತೆ ಅನಸವ್ವ ಗಂಡ ಸತ್ತ ಹೆಂಗಸು. ಆ ಮನೆಗೆ ಗಂಡು ದಿಕ್ಕೆಂದರೆ ಅವಳ ತಮ್ಮ ಹಾಲೇಶನೇ. ಬೀಳಗಿಯ ಬಸ್‌ಸ್ಟ್ಯಾಂಡಿನ ಹತ್ತಿರ ಅವನದು ಲೈಟಿನ ಸಾಮಾನಿನ ಅಂಗಡಿ. ಅಕ್ಕನ ಮನೆಗೆ ವೈರ್ ಎಳೆದವನು ಅವನು, ಬೋರ್ಡು ಕೂಡಿಸಿದವನು ಅವನು, ಯಾವ ಸ್ವಿಚ್ಚಿಗೆ ಯಾವುದು ಹತ್ತುತ್ತದೆ ಎಂದು ಕಣ್ಣು ಮುಚ್ಚಿ ಬಲ್ಲವನು ಅವನು. ಮುತ್ತಣ್ಣ ಅಳಿಯನಾಗಿ ಎರಡು ವರ್ಷವಾದರೂ ಲೈಟು ಹಾಕಲು ಹೋಗಿ ಫ್ಯಾನು ತಿರುಗಿಸುತ್ತಿದ್ದ. ಆಗೆಲ್ಲ ಹಾಲೇಶ ಎಲ್ಲಿದ್ದರೂ, "ಅದಲ್ಲರೀ ಅಳ್ಯಾರ, ಅದರ ಬಾಜೂಕಿಂದು" ಎಂದು ನಗುತ್ತಿದ್ದ. ಕೆಟ್ಟ ನಗೆಯಲ್ಲ. ಅದು ಕೆಟ್ಟ ನಗೆಯಲ್ಲ ಎನ್ನುವುದೇ ಮುತ್ತಣ್ಣನ ಹೊಟ್ಟೆಯಲ್ಲಿ ಕಿಚ್ಚು ಹಾಕುತ್ತಿತ್ತು. ಅಕ್ಕನ ಮಗಳ ಮೇಲೆ ಸೋದರಮಾವನ ಹಕ್ಕು ಮೊದಲು. ಪೂರ್ಣಿಮಾ ಹುಟ್ಟಿದಾಗಿನಿಂದ ಹಾಲೇಶನಿಗೇ ಎಂದು ಮನೆಯವರು ಅಂದುಕೊಂಡು ಬಂದಿದ್ದರಂತೆ. ನಾನು ಎತ್ತಿ ಆಡಿಸಿದ ಹುಡುಗಿ, ನನಗೆ ಬೇಡ ಎಂದವನು ಅವನೇ. ಬನಹಟ್ಟಿಯಲ್ಲಿ ಗಂಡು ಹುಡುಕಿದವನೂ ಅವನೇ, ತಾನು ಮಾತ್ರ ಇನ್ನೂ ಮದುವೆಯಾಗಿಲ್ಲ. ಅಂದರೆ ನನ್ನ ಹೆಂಡತಿ ನನಗೆ ಸಿಕ್ಕದ್ದು ಅವನು ಬೇಡವೆಂದದ್ದಕ್ಕೆ. ನಿನಗೂ ಅವನು ಬೇಡವಾಗಿದ್ದನೇ ಎಂದು ಮುತ್ತಣ್ಣ ಪೂರ್ಣಿಮಾಳನ್ನು ಒಮ್ಮೆಯೂ ಕೇಳಿರಲಿಲ್ಲ. ಕೇಳಿದರೆ ಅವಳು ಏನು ಹೇಳಿಯಾಳು ಎನ್ನುವುದಕ್ಕಿಂತ, ಹೇಳುವ ಮೊದಲು ಎಷ್ಟು ಹೊತ್ತು ಸುಮ್ಮನಿದ್ದಾಳು ಎಂಬುದರ ಭಯ ಅವನಿಗೆ.

ಮೊನ್ನೆ ಹೋದಾಗ ಬಾಣಂತಿ ಕೋಣೆಯ ಕಿಟಕಿಗೆ ಗೋಣಿತಟ್ಟು ಬಡಿದಿದ್ದರು, ಬಾಗಿಲಿಗೆ ಹಳೆಯ ಕೌದಿ ಇಳಿಬಿಟ್ಟಿದ್ದರು. ಗಾಳಿ ಬರಬಾರದು ಎಂದು ಮಾಡಿದ್ದಕ್ಕೆ ಬೆಳಕೂ ಬರುತ್ತಿರಲಿಲ್ಲ. ಬಾಣಂತಿ ಮಲಗಿದ ಹೊರಸಿನ ಕೆಳಗೆ ಕುಳ್ಳಿನ ಕೆಂಡ, ಅದರ ಮೇಲೆ ಲೋಬಾನದ ಹೊಗೆ. ಮುತ್ತಣ್ಣ ಒಳಗೆ ಕಾಲಿಟ್ಟು ರೂಢಿಯಂತೆ ಟ್ಯೂಬ್‌ಲೈಟಿನ ಸ್ವಿಚ್ಚಿಗೆ ಕೈ ಹಾಕಿದರೆ, ನೆತ್ತಿಯ ಮೇಲೆ ತುಪ್ಪದ ಬಣ್ಣದ ಬೆಳಕೊಂದು ಹತ್ತಿತು. ಹಿಂದಿನಿಂದ ಹಾಲೇಶ, "ಟ್ಯೂಬ್ ತಗದೇನ್ರಿ. ಬಿಳೇ ಲೈಟ್ ಕೂಸಿನ ಕಣ್ಣಿಗೆ ಚುಚ್ಚತೈತಿ. ಇದು ತಣ್ಣಂದು, ಬೆಳಗಾವಿಯಿಂದ ತರಸೇನಿ" ಎಂದ. ಆ ಬೆಳಕಿನಲ್ಲಿ ಗೋಡೆ, ಹೊರಸು, ಪೂರ್ಣಿಮಾಳ ದಣಿದ ಮುಖ, ಮಗ್ಗುಲಿನ ಮಗು ಎಲ್ಲವೂ ಬಂಗಾರದ ನೀರಿನಲ್ಲಿ ಅದ್ದಿದ ಹಾಗೆ ಕಂಡವು. ತಾಯಿ ಮಗುವಿಗೆ ನೀರೆರೆಯಲು ಬಂದ ಸಿದ್ದಕ್ಕ ಮಗುವನ್ನು ಎತ್ತಿ ತೋರಿಸುತ್ತ, "ಬಂಗಾರದ ಗಟ್ಟಿ ನೋಡ್ರಿ ನಿಮ್ಮ ಮಗಾ. ಥೇಟ್ ಹಾಲೇಶಪ್ಪನ ಬಣ್ಣ" ಎಂದಳು. ಅನಸವ್ವ ಹಿಗ್ಗಿ, "ಹೌದ ನಮ್ಮ ತಮ್ಮನ ಬಣ್ಣನs ಬಂದೈತಿ" ಎಂದಳು. ಅಜ್ಜಿಯ ತಮ್ಮನ ಬಣ್ಣ ಮೊಮ್ಮಗನಿಗೆ ಬರುವುದರಲ್ಲಿ ತಪ್ಪೇನಿದೆ, ಯಾರೂ ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೆ ಮುತ್ತಣ್ಣ ಕರಿಯ, ಅವನ ಅಪ್ಪ ಮಲಕಾಜಪ್ಪ ಕರಿಯ, ಅವರ ಮನೆತನವೇ ಕರಿ ಹರಳಿನಂಥದು. ತನ್ನ ಮಗನಲ್ಲಿ ತನ್ನದೊಂದು ಎಳೆಯೂ ಇಲ್ಲವೆಂದು ಎಲ್ಲರೂ ಸೇರಿ ಸಂತೋಷಪಡುತ್ತಿರುವಂತೆ ಅನ್ನಿಸಿ ಅವನ ಮೈ ಉರಿಯಿತು. ಅಷ್ಟರಲ್ಲಿ ಕಣ್ಣು ಬಲ್ಬಿನ ಮೇಲೆ ಹೋಯಿತು. ಓಹೋ, ಇದು ಇವನ ಬಲ್ಬಿನ ಬಣ್ಣ ಎಂದು ಹೊಳೆದು ಎದೆ ಹಗುರಾಯಿತು. ಅವನು ಮೀಸೆಯೊಳಗೇ ನಕ್ಕ, ಚಹಾ ಕುಡಿದ, ಸಂಜೆಯ ಮೊದಲೇ ಬಸ್ಸು ಹತ್ತಿದ.

ದೀಪದ ಬೆಳಕು ಬಣ್ಣದ ವಿಷಯದಲ್ಲಿ ಸುಳ್ಳು ಹೇಳುತ್ತದೆ ಎನ್ನುವುದು ಮುತ್ತಣ್ಣನಿಗೆ ಬುದ್ಧಿ ಬರುವ ಮೊದಲೇ ಬಂದ ತಿಳಿವಳಿಕೆ. ಬಣ್ಣ ಹಾಕಿದ ನೂಲು ಮನೆಗೆ ಬಂದರೆ ಮಲಕಾಜಪ್ಪ ಅದನ್ನು ಒಳಗೆ ಬಿಚ್ಚಗೊಡುತ್ತಿರಲಿಲ್ಲ. ಬಿಸಿಲೇರುವ ಮೊದಲು ಹೊಸ್ತಿಲ ಮೇಲೆ ಕೂತು, ಬೆಳಕು ಹೆಗಲ ಮೇಲಿಂದ ಬೀಳುವಂತೆ ಬೆನ್ನು ಹೊರಗೆ ಮಾಡಿ, ಸೀರೆಯ ದಡಿಯ ನೂಲನ್ನೂ ಒಡಲಿನ ನೂಲನ್ನೂ ಅಕ್ಕಪಕ್ಕ ಹಿಡಿದು ನೋಡುತ್ತಿದ್ದ. ಆಮೇಲೆ ಬಿಳಿ ಅರಿವೆಯ ತುದಿಯನ್ನು ನೀರಿನಲ್ಲಿ ತೋಯಿಸಿ ನೂಲನ್ನು ತಿಕ್ಕುತ್ತಿದ್ದ. ಅರಿವೆಗೆ ಬಣ್ಣ ಹತ್ತಿದರೆ ನೂಲು ವಾಪಸ್ಸು. ಮುತ್ತಣ್ಣ ಇವತ್ತಿಗೂ ಹಾಗೆಯೇ ನೋಡುತ್ತಾನೆ. ಬನಹಟ್ಟಿಯಲ್ಲಿ ನೂಲಿನ ಬಣ್ಣದ ಬಗ್ಗೆ ತಕರಾರು ಬಂದರೆ ಜನ ಅವನ ಹೊಸ್ತಿಲಿಗೇ ಬರುತ್ತಾರೆ. ಹಾಲೇಶನ ಮುಂದೆ ತಲೆ ಎತ್ತಿ ನಿಲ್ಲಲು ತನಗಿರುವುದು ಬಣ್ಣ ಬಲ್ಲ ಈ ಕಣ್ಣೊಂದೇ. ಬಸ್ಸು ಬೀಳಗಿಯ ಹತ್ತಿರ ಬಂದಂತೆ ಅವನ ತಲೆಯಲ್ಲಿ ಒಂದು ಚಿತ್ರ ಗಟ್ಟಿಯಾಗುತ್ತ ಬಂದಿತ್ತು. ಪೂಜೆಗೆಂದು ಎಲ್ಲರೂ ಸೇರಿರುತ್ತಾರೆ. ಆಗ ತಾನು ಮಗುವನ್ನು ಹೊಸ್ತಿಲಿಗೆ ತರುತ್ತಾನೆ. ಬಲ್ಬಿನ ಬಂಗಾರ ಒಳಗೇ ಉಳಿದು, ಬನಹಟ್ಟಿಯ ಕರಿ ಮಗು ಹಗಲಿನ ಬೆಳಕಿನಲ್ಲಿ ಅವರ ಮುಂದೆ ನಿಲ್ಲುತ್ತದೆ. ಈಗ ಹೇಳಿ, ಯಾರ ಬಣ್ಣ? ಹಾಲೇಶನ ಮುಖ ಆಗ ಹೇಗಾದೀತು ಎಂಬುದನ್ನೂ ಅವನು ಕಂಡು ಸುಖಪಟ್ಟ.

ಮನೆಯಲ್ಲಿ ಹೋಳಿಗೆಯ ವಾಸನೆ. ಹಾಲೇಶ ಪಡಸಾಲೆಯಲ್ಲಿ ನಿಂತು ತೋರಣ ಕಟ್ಟುತ್ತಿದ್ದ. "ಬರ್ರೀ ಅಳ್ಯಾರ, ನಿಮ್ಮ ಮಗಾ ಭಾಳ ಶಾಣ್ಯಾ ಆಗ್ಯಾನ, ಒಂದ ಸದ್ದಿಲ್ಲ" ಎಂದು ಚೀಲ ಇಸಿದುಕೊಂಡ. ಒಳಗೆ ಅದೇ ತುಪ್ಪದ ಬೆಳಕು. ಪೂರ್ಣಿಮಾ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಅದರ ಅಂಗಾಲನ್ನು ಬೆರಳಿನಿಂದ ಮೆಲ್ಲಗೆ ತಟ್ಟುತ್ತಿದ್ದಳು. ಗಂಡನನ್ನು ಕಂಡು, "ಯಾಕೋ ಭಾಳ ಮಲಗತೈತ್ರಿ. ಎಬ್ಬಿಸಿದ್ರೂ ಬಾಯಿ ಹಚ್ಚಂಗಿಲ್ಲ. ನಿನ್ನಿಯಿಂದ ಅಳೂದೂ ಕಡಿಮಿ ಆಗೇತಿ" ಎಂದಳು. ಅನಸವ್ವ ಬಾಗಿಲಿನಿಂದಲೇ, "ಮಲಗಿದ್ರ ಪುಣ್ಯಾ ಅನ್ಕೋ ಬೇ. ನೀ ಇದ್ದಾಗ ಓಣಿ ಮಂದಿಗೆ ನಿದ್ದಿ ಕೊಟ್ಟಿರಲಿಲ್ಲ" ಎಂದು ನಕ್ಕಳು. ಮುತ್ತಣ್ಣನಿಗೆ ಈ ಮಾತುಗಳು ಕೇಳಿಸಿದವು, ಆದರೆ ಒಳಗೆ ಇಳಿಯಲಿಲ್ಲ. ಅವನು ಕಾಯುತ್ತಿದ್ದ ಮಾತು ಬೇರೆ. ಅದು ಬಂದೇ ಬಂದಿತು. ಓಣಿಯ ಹೆಂಗಸೊಬ್ಬಳು ಬಗ್ಗಿ ನೋಡಿ, "ಅಯ್ಯ, ಇದೇನು ಬೇ, ಸಾಕ್ಷಾತ್ ಹಾಲೇಶಣ್ಣನs" ಎಂದಳು. ಹಾಲೇಶ ನಾಚಿ ತಲೆ ಕೆರೆದುಕೊಂಡ. ಪೂರ್ಣಿಮಾ ಸಣ್ಣಗೆ ನಕ್ಕಳೋ, ಅಥವಾ ನಕ್ಕಂತೆ ಮುತ್ತಣ್ಣನಿಗೆ ಕಂಡಿತೋ.

"ಕೂಸಿನ್ನ ಒಂದೀಟು ಬಾಗಲಕ್ಕ ತರ್ತೇನ್ರಿ" ಎಂದ ಅವನು. ದನಿ ತಾನು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂದಿತ್ತು. "ಬೆಳಕಿನ್ಯಾಗ ನೋಡಬೇಕು ನಾ."

"ಬ್ಯಾಡ್ರೀ" ಎಂದು ಅನಸವ್ವ ಅಡ್ಡ ಬಂದಳು. "ಇನ್ನೂ ತೊಟ್ಟಲದಾಗ ಹಾಕಿಲ್ಲ. ಹಸೀ ಕೂಸು, ಗಾಳಿ ಸೋಕತೈತಿ."

"ಅಲ್ಲರೀ ಅಳ್ಯಾರ, ಲೈಟ್ ಸಾಲದಿದ್ರ ಇನ್ನೊಂದು ಹಚ್ಚತೇನಿ" ಎಂದ ಹಾಲೇಶ.

"ನಿಮ್ಮ ಲೈಟ್ ಸಾಕಾಗೇತ್ರಿ ಮಾಮಾರ" ಎಂದ ಮುತ್ತಣ್ಣ. ಆ ಮನೆಯಲ್ಲಿ ಹಾಲೇಶನಿಗೆ ಯಾರೂ ಹಾಗೆ ಮಾತಾಡಿದ್ದಿಲ್ಲ. ಪೂರ್ಣಿಮಾ ಗಂಡನ ಮುಖವನ್ನೇ ನೋಡಿದಳು. ಆಮೇಲೆ, ಯಾಕೋ, ತಾನೇ ಮಗುವನ್ನೆತ್ತಿ ಅವನ ಕೈಯಲ್ಲಿಟ್ಟಳು. ಮಗನನ್ನು ಅವನು ಎತ್ತಿಕೊಂಡದ್ದು ಅದೇ ಮೊದಲು. ಇಷ್ಟು ಹಗುರ ಇರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಕೌದಿ ಸರಿಸಿ, ಪಡಸಾಲೆ ದಾಟಿ, ತಲೆಬಾಗಿಲಿನ ಹೊಸ್ತಿಲ ಮೇಲೆ ಅಪ್ಪನ ಹಾಗೆಯೇ ಬೆನ್ನು ಹೊರಗೆ ಮಾಡಿ ಕೂತು, ಅವನು ಮಗುವಿನ ಮುಖದ ಮೇಲಿನ ಬಟ್ಟೆ ತೆಗೆದ. ಎಲ್ಲರೂ ಬಂದು ಸುತ್ತ ನಿಂತಿದ್ದರು, ಅವನು ಬಯಸಿದ ಹಾಗೆಯೇ.

ಬಲ್ಬು ಒಳಗೇ ಉಳಿದಿತ್ತು. ಹಳದಿ ಅವನ ತೊಡೆಯ ಮೇಲೆ ಹೊರಗೆ ಬಂದಿತ್ತು. ಹಣೆ ಹಳದಿ, ಎದೆ ಹಳದಿ, ಬಟ್ಟೆ ಬಿಚ್ಚಿದರೆ ಹೊಟ್ಟೆ, ತೊಡೆ, ಅಂಗಾಲಿನವರೆಗೂ ಹಳದಿ. ಅದು ಬಂಗಾರವಲ್ಲ, ಬೆಳ್ಳಗಿನ ಮೈಯೂ ಅಲ್ಲ. ಇಂಥ ಬಣ್ಣ ಮನುಷ್ಯರ ಮೈಗೆ ಇರುವುದಿಲ್ಲ ಎಂದು ಅವನ ಕಣ್ಣಿಗೆ ಮೊದಲು ತಿಳಿಯಿತು, ಬುದ್ಧಿಗೆ ಆಮೇಲೆ. "ಅರಿಷಿಣ ಹಚ್ಚಿ ಎರದೇವಲ್ರಿ" ಎಂದಳು ಸಿದ್ದಕ್ಕ. ಮುತ್ತಣ್ಣ ಹೆಗಲ ಮೇಲಿನ ಬಿಳಿ ಟವೆಲ್ಲಿನ ತುದಿಯನ್ನು ಬಾಗಿಲ ಬಳಿಯ ತಂಬಿಗೆಯಲ್ಲಿ ಅದ್ದಿ ಮಗುವಿನ ಎದೆ ತಿಕ್ಕಿದ. ಟವೆಲ್ಲು ಬೆಳ್ಳಗೇ ಉಳಿಯಿತು. ಇನ್ನೊಮ್ಮೆ ತಿಕ್ಕಿದ. ತಣ್ಣೀರು ಸೋಕಿದರೂ ಮಗು ಅಳಲಿಲ್ಲ, ಮುಖ ಕಿವಿಚಲೂ ಇಲ್ಲ. ಅವನು ಹೆಬ್ಬೆರಳಿನಿಂದ ಅದರ ರೆಪ್ಪೆಯನ್ನು ಮೆಲ್ಲಗೆ ಎತ್ತಿದ. ಕಣ್ಣಿನ ಬಿಳಿಯೂ ಹಳದಿಯಾಗಿತ್ತು.

ಹಾಲೇಶ ಕಾರು ತಂದ. ಬಾಗಲಕೋಟೆಗೆ ಹೋಗುವ ದಾರಿಯುದ್ದಕ್ಕೂ ಪೂರ್ಣಿಮಾ ಮಗುವಿನ ಅಂಗಾಲು ತಟ್ಟುತ್ತಿದ್ದಳು. ಮಕ್ಕಳ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೂಸನ್ನು ಕಿಟಕಿಯ ಹತ್ತಿರ ಒಯ್ದು ಮೈ ಒತ್ತಿ ನೋಡಿ, ರಕ್ತ ಪರೀಕ್ಷೆಗೆ ಕಳಿಸಿ, ಮನೆಯಲ್ಲಿ ಹೇಗೆ ಇಟ್ಟಿದ್ದರೆಂದು ಕೇಳಿ ತಿಳಿದು, ಬೈಯುವ ದನಿಯಲ್ಲಿಯೇ ಹೇಳಿದಳು: "ಕಾಮಣಿ ಏರೇತಿ, ಜಾಂಡೀಸ್. ಹುಟ್ಟಿದ ಕೂಸಿಗೆ ಇದು ಬರೂದು ಹೊಸಾದಲ್ಲ. ಆದ್ರ ಕತ್ತಲಿ ಕೋಣ್ಯಾಗ ಹಳದಿ ಲೈಟ್ ಹಚ್ಚಿ ಇಟ್ರ ಯಾರಿಗೆ ಕಾಣಬೇಕ್ರಿ ಅದು? ಹಗಲಿನ ಬೆಳಕಿಗೆ ಹಿಡದು ನೋಡಿದವ್ರು ಯಾರು?" ಎಲ್ಲರೂ ಮುತ್ತಣ್ಣನ ಕಡೆ ತಿರುಗಿದರು. ಅನಸವ್ವ ಅಳುತ್ತಲೇ, "ನಮ್ಮ ಅಳ್ಯಾರ್ರಿ. ಬಣ್ಣಾ ನೋಡೂದ್ರಾಗ ಭಾಳ ಶಾಣ್ಯಾರ್ರಿ" ಎಂದು ಅವನ ಮುಂದೆ ಕೈ ಮುಗಿದಳು. ಡಾಕ್ಟರು, "ಇವತ್ತರ ತಂದ್ರಲ್ಲ, ಛಲೋ ಆತು. ಎರಡು ದಿನ ಮೊದಲ ತಂದಿದ್ರ ಇಷ್ಟು ಏರಾಕ ಬಿಡ್ತಿರಲಿಲ್ಲ. ಜೀವಕ್ಕ ಈಗ ಅಂಜಿಕಿ ಇಲ್ಲ. ಆದ್ರ ಕಾಮಣಿ ಇಷ್ಟು ಏರಿದ್ರ ಕಿವಿ ಕೇಳದಂಗೂ ಆಗಬಹುದು; ಕಿವಿಗೆ ಏನರ ಪೆಟ್ಟು ಬಿದ್ದೈತೇನು ಅಂತ ಈಗs ಹೇಳಾಕ ಬರಂಗಿಲ್ಲ. ಮುಂದ ಟೆಸ್ಟ್ ಮಾಡೂನು" ಎಂದಳು. ಎರಡು ದಿನ ಮೊದಲು. ಮುತ್ತಣ್ಣ ನೆಲ ನೋಡಿದ.

ಮಗುವನ್ನು ಗಾಜಿನ ತೊಟ್ಟಿಯಂಥದರಲ್ಲಿ ಬತ್ತಲೆ ಮಲಗಿಸಿ, ಕಣ್ಣಿಗೆ ಪಟ್ಟಿ ಕಟ್ಟಿ, ಮೇಲಿನಿಂದ ನೀಲಿ ದೀಪ ಹಚ್ಚಿದರು. ಆ ಬೆಳಕೇ ಔಷಧವಂತೆ. ಬಾಗಿಲ ಗಾಜಿನಿಂದ ನೋಡಿದರೆ ನೀಲಿಯಲ್ಲಿ ಮಗು ಯಾವ ಬಣ್ಣದ್ದು ಎಂದು ಅವನಿಗೂ ತಿಳಿಯಲಿಲ್ಲ. ಹೊರಗೆ ಬೆಂಚಿನ ಮೇಲೆ ಹಾಲೇಶ ಎರಡೂ ಕೈಗಳಲ್ಲಿ ಮುಖ ಮುಚ್ಚಿ ಕೂತಿದ್ದ. ಮುತ್ತಣ್ಣ ಹತ್ತಿರ ಹೋದಾಗ ಎದ್ದು ನಿಂತು, ಗಂಡಸು ಅಳಬಾರದ ಹಾಗೆ ಅತ್ತ. "ನನ್ನ ಕೈಯಾರೆ ಮಾಡಿದೆ ನೋಡ್ರಿ ಮುತ್ತಣ್ಣಾರ. ಟ್ಯೂಬ್ ಇದ್ರ ಕಾಣತಿತ್ತು. ನಾನs ತಗದು ನಾನs ಬಲ್ಬ್ ಹಾಕಿದೆ. ಒಂದ ಚಂದನ್ನ ಬೆಳಕಿನ್ಯಾಗ ಇರ್ಲಿ ಕೂಸು ಅಂತ ಮಾಡಿದ್ನಿ."

ಈಗ ಹೇಳಬೇಕು ಎಂದು ಮುತ್ತಣ್ಣನಿಗೆ ಗೊತ್ತಾಯಿತು. ಮೊನ್ನೆ ನಾನೂ ಹಳದಿ ಕಂಡೆ, ನಿನ್ನ ಬಲ್ಬಿನದು ಅಂದುಕೊಂಡೆ, ಹಾಗಂದುಕೊಳ್ಳುವುದು ನನಗೆ ಬೇಕಾಗಿತ್ತು. ಉಳಿದವರಿಗೆ ಬೆಳಕಿನ ಮೋಸ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಬನಹಟ್ಟಿಯಲ್ಲಾಗಿದ್ದರೆ ಒಂದು ಹಿಡಿ ನೂಲಿಗೂ ಹೊಸ್ತಿಲವರೆಗೆ ನಡೆಯುತ್ತಿದ್ದ ನಾನು ಮಗನನ್ನು ಬಿಟ್ಟು ಚಹಾ ಕುಡಿದು ಬಸ್ಸು ಹತ್ತಿದೆ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ಬೆಳ್ಳನೆಯ ಮುಖ ತನ್ನ ಮುಂದೆ ಬಾಗಿ ನಿಂತಿತ್ತಲ್ಲ, ಎರಡು ವರ್ಷಗಳಲ್ಲಿ ಅದು ಹಾಗೆ ಬಾಗಿದ್ದನ್ನು ಅವನು ಕಂಡಿರಲಿಲ್ಲ. ಹೊಟ್ಟೆಯೊಳಗಿನ ಕಿಚ್ಚಿಗೆ ತಣ್ಣೀರು ಬಿದ್ದ ಹಾಗೆ ಹಿತವಾಯಿತು, ಮತ್ತು ಹಿತವಾಯಿತೆಂದು ಹೇಸಿಗೆಯಾಯಿತು. "ಆತು ಬಿಡ್ರಿ, ಗೊತ್ತಿಲ್ಲದ ಆಗಿದ್ದು" ಎಂದಷ್ಟೇ ಹೇಳಿ ಹಾಲೇಶನ ಹೆಗಲ ಮೇಲೆ ಕೈ ಇಟ್ಟ. ಕ್ಷಮಿಸುವವನ ಕೈ. ಅನಸವ್ವ ದೂರದಿಂದ ಅದನ್ನು ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮೂರನೆಯ ದಿನ ಬೆಳಗ್ಗೆ ಹಳದಿ ಇಳಿದಿದೆ ಎಂದು ನೀಲಿ ದೀಪ ಆರಿಸಿದರು. ಹಾಲೇಶ ಅಕ್ಕನನ್ನು ಕರೆದುಕೊಂಡು ಊರಿಗೆ ಹೋಗಿದ್ದ. ಕೋಣೆಯ ಕಿಟಕಿ ಬಿಚ್ಚಿಸಿ ಬಲ್ಬು ತೆಗೆದು ಬರುತ್ತೇನೆ ಎಂದಿದ್ದ. ಪೂರ್ಣಿಮಾ ಕಿಟಕಿಯ ಪಕ್ಕದ ಮಂಚದ ಮೇಲೆ ಕೂತು ಮಗುವಿಗೆ ಹಾಲು ಕುಡಿಸುತ್ತಿದ್ದಳು. ಮಗು ಚಪ್ಪರಿಸಿ ಕುಡಿಯುವ ಸದ್ದು ಕೇಳುತ್ತ ಮುತ್ತಣ್ಣ ಗೋಡೆಗೆ ಒರಗಿ ನಿಂತಿದ್ದ. ಮಗು ಹುಟ್ಟಿದ ಮೇಲೆ ಗಂಡ ಹೆಂಡತಿ ಇಬ್ಬರೇ ಇದ್ದದ್ದು ಅದೇ ಮೊದಲು.

"ಮೊನ್ನೆ ಮನಿಗೆ ಮೊದಲನೇ ಸಲ ಬಂದಾಗ ನೀವು ನಕ್ರಿ" ಎಂದಳು ಅವಳು, ತಲೆ ಎತ್ತದೆ.

"ಯಾವಾಗ?"

"ಸಿದ್ದಕ್ಕ ಬಂಗಾರದ ಗಟ್ಟಿ ಅಂದಾಗ. ಬಲ್ಬ್ ನೋಡಿ ನಕ್ರಿ. ಕೂಸಿನ್ನ ನೋಡಲಿಲ್ಲ."

ಅವನು ಗೋಡೆ ಬಿಟ್ಟು ನೆಟ್ಟಗೆ ನಿಂತ.

"ಹೊಸ್ತಲಕ್ಕ ಯಾಕ ಒಯ್ದ್ರಿ ಅನ್ನೂದೂ ಗೊತ್ತೈತಿ ನನಗ. ಗೊತ್ತಿದ್ದs ಕೊಟ್ಟೆ. ಕೂಸಿಗೆ ಏನೋ ಆಗೇತಿ ಅಂತ ನಾ ಹೇಳಿದ್ರ ಯಾರೂ ಹೊರಗ ಒಯ್ಯಾಕ ಬಿಡ್ತಿರಲಿಲ್ಲ. ನಿಮ್ಮ ಸಿಟ್ಟಿಗೆ ಯಾರೂ ಅಡ್ಡ ಬರೂದಿಲ್ಲಂತ ಕೊಟ್ಟೆ." ಅವಳು ಅಳುತ್ತಿರಲಿಲ್ಲ. "ಮಾಮಾ ಬಲ್ಬ್ ಹಾಕಿದ್ದು ತಪ್ಪು ಆತು ಅಂತ ಅಳಾಕತ್ಯಾನ. ಅಳ್ಲಿ. ನೀವೊಂದು ಮಾತ ಅವಗ ಹೇಳಬಹುದಿತ್ತು."

ಮಗು ಕುಡಿದು ಸಾಕಾಗಿ ಮೊಲೆ ಬಿಟ್ಟಿತು. ಪೂರ್ಣಿಮಾ ಬಟ್ಟೆ ಸರಿಪಡಿಸಿಕೊಂಡು ಅದನ್ನು ಎರಡೂ ಕೈಗಳಲ್ಲಿ ಕಿಟಕಿಯ ಬಿಸಿಲಿಗೆ ಹಿಡಿದಳು. "ಬರ್ರಿ. ಈಗ ನೋಡ್ರಿ ಚಂದಂಗ. ಯಾರ ಬಣ್ಣ ಐತಿ ಹೇಳ್ರಿ."

ಅವನು ಹತ್ತಿರ ಹೋದ. ಹಳದಿ ಇಳಿದ ಮೈ ಕರ್ರಗಿತ್ತು. ಸಂದೇಹವೇ ಇರಲಿಲ್ಲ; ಅವನ ಬಣ್ಣ, ಮಲಕಾಜಪ್ಪನ ಬಣ್ಣ, ಕಿವಿಯ ತುದಿ ಇನ್ನೂ ಒಂದು ಪಟ್ಟು ಕಪ್ಪು. ಬಯಸಿದ್ದು ಬಯಸಿದ ಹಾಗೆಯೇ ಸಿಕ್ಕಿತ್ತು. ಅವನ ಕಣ್ಣು ಆ ಪುಟ್ಟ ಕಿವಿಯ ಮೇಲೆ ನಿಂತಿತು. ಮುಂದೆ ಟೆಸ್ಟ್ ಮಾಡೋಣ ಎಂದಿದ್ದಳು ಡಾಕ್ಟರು. ಅವನು ಬಗ್ಗಿ, ಹುಟ್ಟಿದಾಗಿನಿಂದ ತಾನು ಒಂದು ಸಲವೂ ಮಾತಾಡಿಸಿರದ ಮಗನ ಕಿವಿಯ ಹತ್ತಿರ ಬಾಯಿ ತಂದು, "ತಮ್ಮಾ" ಎಂದ.

ಮಗು ಕಿಟಕಿಯ ಬೆಳಕಿನ ಕಡೆಗೇ ಮುಖ ಮಾಡಿತ್ತು.

"ಇಷ್ಟು ಸಣ್ಣ ಕೂಸು ಒಮ್ಮಿಗೇ ಹೊಳ್ಳಿ ನೋಡಂಗಿಲ್ರಿ" ಎಂದಳು ಪೂರ್ಣಿಮಾ. ಅವಳ ದನಿ ಮೆತ್ತಗಾಗಿತ್ತು.

ಮುತ್ತಣ್ಣ ಇನ್ನಷ್ಟು ಬಗ್ಗಿದ. "ತಮ್ಮಾ" ಎಂದು ಮತ್ತೆ ಕರೆದ, ಮಗ್ಗಗಳ ಸದ್ದಿನಲ್ಲಿ ಕರೆಯುವ ಹಾಗೆ ಗಟ್ಟಿಯಾಗಿ.